ಮುಕ್ಕಾಲು ನಿಮಿಷ ಹಿಂದೆ

ನನ್ನ ಅಂಗಡಿಯ ಗೋಡೆ ಗಡಿಯಾರ ಲೋಕದ ಉಳಿದೆಲ್ಲ ಗಡಿಯಾರಗಳಿಗಿಂತ ಮುಕ್ಕಾಲು ನಿಮಿಷ ಹಿಂದಿದೆ. ಇದೇನು ಮಹಾ ಸಂಗತಿಯಲ್ಲ, ಒಪ್ಪುತ್ತೇನೆ. ಚಳ್ಳಕೆರೆಯಂಥ ಊರಿನಲ್ಲಿ ಮುಕ್ಕಾಲು ನಿಮಿಷಕ್ಕಾಗಿ ಯಾರ ಎಣ್ಣೆ ಗಿರಣಿಯೂ ನಿಲ್ಲುವುದಿಲ್ಲ, ಯಾರ ಮುಹೂರ್ತವೂ ಮೀರುವುದಿಲ್ಲ. ಆದರೆ ನಾನು ಕನ್ನಡಕ ಮಾರುವವನು. ‘ಇದು ಸ್ಪಷ್ಟವೋ, ಅದು ಸ್ಪಷ್ಟವೋ’ ಎಂದು ಕೂದಲೆಳೆಯಷ್ಟು ವ್ಯತ್ಯಾಸಕ್ಕೂ ಜನರನ್ನು ಪೀಡಿಸಿ ಹೊಟ್ಟೆ ಹೊರೆದುಕೊಂಡವನು. ಅಂಥವನ ನೆತ್ತಿಯ ಮೇಲೆಯೇ ಒಂದು ತಪ್ಪು ನಿರಾತಂಕವಾಗಿ ಟಿಕ್ ಟಿಕ್ ಎನ್ನುತ್ತಿರುವುದು ನಿಮಗೆ ಸೋಜಿಗವೆನ್ನಿಸಿದರೆ ಬನ್ನಿ, ಇದು ಗಿರಾಕಿಗಳು ಬರುವ ಹೊತ್ತಲ್ಲ, ಆ ಕುರ್ಚಿ ಎಳೆದುಕೊಳ್ಳಿ, ಹೇಳುತ್ತೇನೆ.

ಇದು ಅಪ್ಪನ ಕಾಲದ, ಕೀಲಿ ಕೊಡುವ ಗಡಿಯಾರ. ದಿನಕ್ಕೆ ಕೆಲವು ಸೆಕೆಂಡು ಹಿಂದೆ ಬೀಳುವುದು ಇದರ ಜಾಯಮಾನ. ಅಪ್ಪ ಇದನ್ನು ರಿಪೇರಿಯವನಿಗೆ ಒಪ್ಪಿಸುವ ಬದಲು ರೇಡಿಯೋಗೆ ಒಪ್ಪಿಸಿದ್ದರು. ಬೆಳಿಗ್ಗೆ ಏಳಕ್ಕೆ ತುಸು ಮುಂಚೆ ಅಕ್ಕ ಸ್ಟೂಲು ಹತ್ತಿ, ಗಾಜಿನ ಬಾಗಿಲು ತೆರೆದು, ಮುಳ್ಳುಗಳನ್ನು ಸರಿಯಾಗಿ ಏಳಕ್ಕೆ ತಂದಿಟ್ಟು, ಲೋಲಕವನ್ನು ಎರಡು ಬೆರಳಲ್ಲಿ ಹಿಡಿದು ನಿಲ್ಲುವಳು. ನಾನು ಕೆಳಗೆ ರೇಡಿಯೋಗೆ ಕಿವಿಯಿಟ್ಟು ಕೂರುವೆ. ಪೀಂ, ಪೀಂ ಎಂದು ಚಿಕ್ಕಚಿಕ್ಕ ದನಿಗಳಾಗಿ, ಕೊನೆಯ ಉದ್ದನೆಯ ಪೀಂ ಬಿದ್ದೊಡನೆ ನಾನು ‘ಹೂಂ!’ ಎಂದು ಕೂಗುವೆ, ಅವಳು ಲೋಲಕ ಬಿಡುವಳು. ಅಡುಗೆಮನೆಯಿಂದ ಅವ್ವ, “ಏಳಾತೇನ್ರೋ?” ಎಂದರೆ ಇಬ್ಬರೂ ಒಟ್ಟಿಗೆ, “ಆತವ್ವಾ!” ನಮ್ಮ ರೇಡಿಯೋದ ಗಂಟಲು ಎಂಥದ್ದೆಂದರೆ ಎದುರು ಮನೆಯವರೂ ಅದರಲ್ಲೇ ತಮ್ಮ ಗಡಿಯಾರ ತಿದ್ದಿಕೊಳ್ಳುತ್ತಿದ್ದರು, ಹಾಗಿರುವಾಗ ಸ್ಟೂಲಿನ ಮೇಲಿದ್ದ ಅಕ್ಕನಿಗೆ ನನ್ನ ಹೂಂಕಾರದ ಅಗತ್ಯವಾದರೂ ಏನಿತ್ತು? ಒಮ್ಮೆ ಮುನಿಸಿನಿಂದ ಬಾಯಿ ಮುಚ್ಚಿಕೊಂಡು ಕೂತೆ. ಅವಳು ಲೋಲಕ ಬಿಡಲೇ ಇಲ್ಲ. “ರೇಡಿಯೋ ಅಂದ್ರೆ ಆತೇನಲೇ? ನೀನು ಅನ್ಬೇಕು,” ಎಂದಳು. ಆ ದಿನ ನಮ್ಮ ಮನೆಯಲ್ಲಿ ಏಳು ಗಂಟೆ ತಡವಾಗಿ ಆಯಿತು.

ಮುಂದೆ ಅಕ್ಕ ಮೊಳಕಾಲ್ಮೂರಿನ ರೇಷ್ಮೆ ನೇಕಾರರ ಮನೆಗೆ ಸೊಸೆಯಾಗಿ ಹೋದಳು. ಅಲ್ಲಿಯೂ ಇಂಥದ್ದೇ ಒಂದು ಕೀಲಿಯ ಗಡಿಯಾರ, ಇಂಥದ್ದೇ ಒಂದು ರೇಡಿಯೋ. ಆಗ ಅವಳ ಬೀದಿಯಲ್ಲಿ ಮಗ್ಗಕ್ಕೊಂದು ರೇಡಿಯೋ ಇತ್ತು, ಎಲ್ಲವೂ ಒಂದೇ ನಿಲಯಕ್ಕೆ ನಿಷ್ಠ. ಬಸ್ಸಿಳಿದು ಬೀದಿಯ ತಲೆಯಲ್ಲಿ ಕೇಳಿದ ಹಾಡಿನ ಪಲ್ಲವಿಯನ್ನು ಮನೆಯಿಂದ ಮನೆಗೆ ಹಿಡಿದುಕೊಂಡು ನಡೆದರೆ, ಒಂದಕ್ಷರವೂ ಕಳೆದುಹೋಗದಂತೆ ಅಕ್ಕನ ಹೊಸಿಲಲ್ಲಿ ಕೊನೆಯ ಚರಣ ಮುಗಿಯುತ್ತಿತ್ತು. ಈಗ ಮಗ್ಗಗಳ ಸದ್ದೊಂದೇ. ಹಾಡುಗಳೆಲ್ಲ ಅವರವರ ಕಿವಿಯೊಳಗೆ ಇಳಿದುಹೋಗಿವೆ, ಬೀದಿಯಲ್ಲಿ ನಡೆಯುವವನ ಪಾಲಿಗೆ ಏನೂ ಉಳಿದಿಲ್ಲ.

ನನ್ನ ಕಥೆ ಚಿಕ್ಕದು. ಮದುವೆಯೆಂಬ ಪ್ರಸಾರವನ್ನು ನನ್ನ ಆಂಟೆನಾ ಹಿಡಿಯಲೇ ಇಲ್ಲ. ಅಂಗಡಿಯ ಹಿಂದಿನ ಕೋಣೆಯಲ್ಲಿ ಅನ್ನ ಸಾರು ಮಾಡಿಕೊಂಡು ಇದ್ದೇನೆ. ಮೊಬೈಲು ಬಂದ ಹೊಸತರಲ್ಲಿ ಅಕ್ಕ ಒಂದು ಪದ್ಧತಿ ಶುರು ಮಾಡಿದಳು. ಬೆಳಿಗ್ಗೆ ಏಳರ ಕೊನೆಯ ಪೀಂ ಬಿದ್ದೊಡನೆ ಅಲ್ಲಿ ಅವಳು ತನ್ನ ಲೋಲಕ ಬಿಟ್ಟು ನನಗೊಂದು ಮಿಸ್ಡ್ ಕಾಲ್ ಕೊಡುವಳು. ಇಲ್ಲಿ ನಾನು ನನ್ನ ಲೋಲಕ ಬಿಟ್ಟು ಅದನ್ನು ಕಟ್ ಮಾಡುವೆ. ಎತ್ತುವಂತಿಲ್ಲ, ಕಟ್ ಮಾಡುವುದೇ ಉತ್ತರ. ಎದ್ದಿದ್ದೀಯಾ, ಎದ್ದಿದ್ದೇನೆ, ಇದ್ದೀಯಾ, ಇದ್ದೇನೆ. ನಿಜ ಹೇಳಬೇಕೆಂದರೆ, ಗಿರಾಕಿ ಬಾರದ ಎಷ್ಟೋ ದಿನ ಇಡೀ ಲೋಕ ನನ್ನನ್ನು ವಿಚಾರಿಸಿಕೊಂಡದ್ದು ಅಷ್ಟೇ. ಅದಿಲ್ಲದಿದ್ದರೆ ಬೆಳಗಾಯಿತೆಂದು ನಂಬಲು ನನಗೆ ಬೇರೆ ಸಾಕ್ಷಿಯಿರಲಿಲ್ಲ.

ಹೀಗಿರುವಾಗ ನನ್ನ ರೇಡಿಯೋ ಕೈಕೊಟ್ಟಿತು. ರಿಪೇರಿಯವನು ಅದರ ಹೊಟ್ಟೆ ಬಗೆದು ನೋಡಿ, “ಇದರ ಸಾಮಾನು ಈಗ ಎಲ್ಲೂ ಸಿಗಲ್ಲ ಬಿಡ್ರಿ,” ಎಂದು ನನ್ನ ಫೋನು ಕಸಿದುಕೊಂಡು ಅದರೊಳಗೆ ರೇಡಿಯೋ ಆ್ಯಪ್ ಇಳಿಸಿಕೊಟ್ಟ. ಅದೇ ನಿಲಯ, ಅದೇ ದನಿ, ಆದರೆ ಗೊರಗೊರ ಇಲ್ಲ, ಮೋಡ ಕವಿದರೆ ಕೆಮ್ಮುವುದಿಲ್ಲ, ಮುಳ್ಳು ತಿರುಗಿಸಿ ಹುಡುಕುವ ಗೋಜಿಲ್ಲ. ಎಷ್ಟು ನಿರ್ಮಲವೆಂದರೆ, ಆಸ್ಪತ್ರೆಯ ವಾರ್ಡಿನಲ್ಲಿ ಕೂತಂತಾಯಿತು. ಮರುದಿನ ಬೆಳಿಗ್ಗೆ ಲೋಲಕ ಹಿಡಿದು ಆ್ಯಪ್‌ಗೆ ಕಿವಿಗೊಟ್ಟು ನಿಂತಿದ್ದೇನೆ, ಪೀಂ ಇನ್ನೂ ಬಿದ್ದಿಲ್ಲ, ಆಗಲೇ ಅಕ್ಕನ ಮಿಸ್ಡ್ ಕಾಲ್! ದಿನವೂ ಹಾಗೇ, ಅವಳ ಕರೆ ಮೊದಲು, ಕಾಲ ಆಮೇಲೆ.

ಈ ಒಗಟನ್ನು ಬಿಡಿಸಿದವನು ಕುದಾಪುರದ ವಿಜ್ಞಾನ ಸಂಸ್ಥೆಯ ಕಡೆಯಿಂದ ಕನ್ನಡಕ ಬದಲಿಸಿಕೊಳ್ಳಲು ಬಂದ ಒಬ್ಬ ತರುಣ ವಿಜ್ಞಾನಿ. ರೇಡಿಯೋದ ಅಲೆ ನೇರ ಬರುತ್ತದೆ, ಆ್ಯಪ್‌ನ ಸದ್ದನ್ನು ತುಂಡು ಮಾಡಿ, ಗಂಟು ಕಟ್ಟಿ, ಊರೂರು ಸುತ್ತಿಸಿ, ಇಲ್ಲಿ ಮತ್ತೆ ಬಿಚ್ಚಿ ಜೋಡಿಸಬೇಕು, ಅದಕ್ಕೇ ಈ ಮುಕ್ಕಾಲು ನಿಮಿಷದ ತಡ ಎಂದು ತಾಳ್ಮೆಯಿಂದ ವಿವರಿಸಿದ. ಕೊನೆಗೆ ಗಡಿಯಾರ ನೋಡಿ, “ಸಾರ್, ಟೈಮ್ ನಿಮ್ಮ ಫೋನಿನ ಮೂಲೆಯಲ್ಲೇ ಐತಲ್ಲ, ಸರಿಯಾಗೇ ಐತಲ್ಲ, ಮತ್ತೆ ಅದೇ ಫೋನಿನ ಪೀಂ ಕೇಳಿ ಯಾಕೆ ಗಡಿಯಾರ ತಿದ್ತೀರಿ?” ಎಂದ. ಬಾಲ್ಯದಿಂದ ಕಿವಿಯಿಂದಲೇ ಏಳು ಗಂಟೆ ಮಾಡಿಕೊಂಡವನಿಗೆ ಕಣ್ಣಿಂದ ಮಾಡಿಕೊಳ್ಳುವುದು ಹೊಳೆದೇ ಇರಲಿಲ್ಲ. ಕನ್ನಡಕದ ವ್ಯಾಪಾರಿ ಕಣ್ಣಿದ್ದೂ ಕುರುಡನಾದ ಬಗೆಯಿದು!

ಅಕ್ಕನ ಊರಿಗೆ ಹತ್ತಿರದ ಬ್ರಹ್ಮಗಿರಿಯಲ್ಲಿ ಅಶೋಕ ಬಂಡೆಯ ಮೇಲೆ ಪ್ರಸಾರ ಮಾಡಿದ್ದಾನಲ್ಲ, ಅದಕ್ಕೆ ತರಂಗಾಂತರದ ತಂಟೆಯಿಲ್ಲ, ಸಿಗ್ನಲ್ ಹೋಗುವ ಭಯವಿಲ್ಲ. ಆದರೆ ಅಷ್ಟು ದೊಡ್ಡ ಚಕ್ರವರ್ತಿಗೂ ಆ ತುದಿಯಿಂದ ಯಾರೂ ‘ಹೂಂ’ ಎಂದಂತಿಲ್ಲ. ಪಾಪ, ಅವನಿಗಿಂತ ನಾನೇ ವಾಸಿ ಎಂದುಕೊಳ್ಳುತ್ತಿದ್ದೆ.

ಆಮೇಲೊಂದು ದಿನ, ಹಳೆಯ ರೇಡಿಯೋಗಳಿಗೆ ಬರುವ ಮಧ್ಯಮ ತರಂಗದ ಪ್ರಸಾರ ನಿಲ್ಲುತ್ತದೆ, ಕೇಳುಗರು ಆ್ಯಪ್‌ನಲ್ಲಿ ಕೇಳಬಹುದು ಎಂಬ ಪ್ರಕಟಣೆ ಬಂತು. ಅದನ್ನು ನಾನು ಗಡ್ಡ ಕೆರೆಯುತ್ತ ಆ್ಯಪ್‌ನಲ್ಲೇ ಕೇಳಿದೆ. ನನಗೆ ಬರುತ್ತಿತ್ತಲ್ಲ, ಹಾಗಾಗಿ ಲೋಕಕ್ಕೆಲ್ಲ ಬರುತ್ತದೆಂದುಕೊಂಡೆ. ಅಕ್ಕನ ಮಿಸ್ಡ್ ಕಾಲ್ ಕೂಡ ತಪ್ಪಲಿಲ್ಲ. ತಪ್ಪದಿದ್ದುದಷ್ಟೇ ಅಲ್ಲ, ಅದು ದಿನದಿಂದ ದಿನಕ್ಕೆ ಪೀಂಗೆ ಹತ್ತಿರವಾಗುತ್ತ ಬಂದು, ಒಂದು ಬೆಳಿಗ್ಗೆ ಎರಡೂ ಒಟ್ಟಿಗೇ ಬಿದ್ದವು. ಅಬ್ಬಾ, ಅಂದಿನ ನನ್ನ ಸಂಭ್ರಮವೇ! ಆ್ಯಪ್ ಕೊನೆಗೂ ಬುದ್ಧಿ ಕಲಿತು ವೇಗ ಹೆಚ್ಚಿಸಿಕೊಂಡಿದೆ ಎಂದು ಎದುರಂಗಡಿಯ ಕಂಬಳಿ ವ್ಯಾಪಾರಿಗೆ ಉಪನ್ಯಾಸವನ್ನೇ ಕೊಟ್ಟೆ. ಮುಂದೆ ಆ ಕರೆ ಪೀಂನ ನಂತರ ಬರತೊಡಗಿತು, ದಿನೇ ದಿನೇ ಇನ್ನಷ್ಟು ನಂತರ. ಆಗಲೂ ನನ್ನ ಮರಮಂಡೆಗೆ ಏನೂ ಹೊಳೆಯಲಿಲ್ಲ.

ಅಕ್ಕ ಕಣ್ಣಿನ ಪೊರೆ ತೆಗೆಸಿಕೊಂಡಿದ್ದಳು. ಅವಳ ಹೊಸ ಕನ್ನಡಕ ಸಿದ್ಧವಾದೊಡನೆ, ಹೇಳದೆ ಹೋಗಿ ಚಕಿತಗೊಳಿಸೋಣವೆಂದು ಮೊದಲ ಬಸ್ಸು ಹಿಡಿದೆ. ತಳಕು ದಾಟುವಾಗ ಬೆಳಕು ಹರಿಯಿತು. ಅಕ್ಕನ ಹೊಸಿಲು ಮುಟ್ಟಿದಾಗ ಫೋನಿನ ಮೂಲೆಯಲ್ಲಿ ಏಳು ದಾಟಿತ್ತು. ಅವಳ ಕರೆ ಇನ್ನೂ ಬಂದಿರಲಿಲ್ಲ. ಪಡಸಾಲೆಯ ಮಗ್ಗಗಳಲ್ಲಿ ಅವಳ ಮಗ, ಸೊಸೆ, ಇಬ್ಬರ ಕಿವಿಯಲ್ಲೂ ಇಯರ್‌ಫೋನು. ನಾನು ಬಂದದ್ದು ಯಾರಿಗೂ ಕೇಳಿಸಲಿಲ್ಲ. ಒಳಕೋಣೆಯಲ್ಲಿ ಅಕ್ಕ ನೂಲಿನ ರಾಟೆ ಬದಿಗೆ ಸರಿಸಿ, ನನಗೆ ಬೆನ್ನು ಮಾಡಿ ಕೂತಿದ್ದಳು. ಪಕ್ಕದಲ್ಲಿ ರೇಡಿಯೋ ಹಚ್ಚಿತ್ತು. ಅದರೊಳಗಿಂದ ಬರುತ್ತಿದ್ದುದು ಸೊಂಯ್ ಎಂಬ ಬರೀ ಬಯಲ ಸದ್ದು. ಮಾತಿಲ್ಲ, ಹಾಡಿಲ್ಲ, ಪೀಂ ಇಲ್ಲ. ಅವಳು ಕತ್ತೆತ್ತಿ ತನ್ನ ಗಡಿಯಾರವನ್ನೇ ನೋಡುತ್ತಿದ್ದಳು. ಅದರಲ್ಲಿ ಏಳಾಯಿತು. ಬೆರಳು ಗುಂಡಿಯೊತ್ತಿತು. ನನ್ನ ಜೇಬಿನಲ್ಲಿ ಫೋನು ಬಡಿದುಕೊಂಡಿತು.

ಅಕ್ಕ ತಿರುಗಿದಳು. ಏನನ್ನೋ ಕದಿಯುವಾಗ ಸಿಕ್ಕಿಬಿದ್ದವರ ಮುಖ ಅವಳದಾಗಿತ್ತು. ನನ್ನದೂ ಹಾಗೇ ಇದ್ದಿರಬೇಕು.

“ರೇಡಿಯೋ ಬರ್ತಾ ಇಲ್ವಲ್ಲಕ್ಕಾ?”

“ಅದು ನಿಂತು ಬಾಳ ದಿನ ಆತು ಕಣೋ.”

“ಮತ್ತೆ ದಿನಾ ಮಿಸ್ಡ್ ಕಾಲ್ ಕೊಡ್ತಿದ್ದೀಯಲ್ಲೇ!”

“ನಿನಗೆ ಪೋನಿನಾಗೆ ಬರ್ತೈತಲ್ಲ, ನೀನು ಕೇಳ್ತಾ ಇರ್ತೀಯಲ್ಲ,” ಎಂದಳು. “ನನಗೆ ಬರಲ್ಲ ಅಂದಿದ್ರೆ ನೀನೊಬ್ನೇ ಕುಂತು ಕೇಳ್ಬೇಕಾಗಿತ್ತು. ಇಲ್ಲಾದ್ರೂ ಮನೆ ತುಂಬ ಜನ ಅದಾರೆ. ಹೋಗ್ಲಿ ಬಿಡು, ಕುಂದ್ರು, ಕಾಪಿ ಕುಡೀವಂತೆ.”

ಕುಳಿತೆ. ಮನೆ ತುಂಬ ಜನ ಇದ್ದರು, ನಿಜ. ಅವಳು ಕಾಫಿಗೆ ಎರಡು ಸಲ ಕೂಗಿದರೂ ಯಾರಿಗೂ ಕೇಳಿಸಲಿಲ್ಲ. ತಾನೇ ಎದ್ದು ಹೋದಳು. ಆಗ ನನಗೆ ಆ ಸರಿಯುತ್ತಿದ್ದ ಕರೆಯ ಅರ್ಥವಾಯಿತು. ತಿದ್ದುವ ಪೀಂ ಇಲ್ಲದೆ ಅವಳ ಗಡಿಯಾರ ದಿನದಿಂದ ದಿನಕ್ಕೆ ಹಿಂದೆ ಬೀಳುತ್ತಿತ್ತು, ಅದರ ಜೊತೆಗೆ ಅವಳೂ. ಎರಡೂ ಒಟ್ಟಿಗೆ ಬಿದ್ದ ಆ ದಿನ ಆ್ಯಪ್ ಮುಂದೆ ಬಂದಿರಲಿಲ್ಲ, ಅಕ್ಕ ಹಿಂದೆ ಸರಿಯುತ್ತಿದ್ದಳು. ನಾನು ಅದನ್ನೇ ಸಂಭ್ರಮಿಸಿದ್ದೆ.

ನನ್ನ ಫೋನಿನಲ್ಲಿ ಆ್ಯಪ್ ಹಚ್ಚಿ ಅವಳ ಮುಂದಿಟ್ಟೆ, ಇಂಥದ್ದೇ ಒಂದು ತಂದುಕೊಡುತ್ತೇನೆ ಎಂದೆ. ನಾನು ತಂದ ಹೊಸ ಕನ್ನಡಕ ಏರಿಸಿಕೊಂಡು ಅದನ್ನು ಮೇಲೆ ಕೆಳಗೆ ನೋಡಿದಳು. “ಚೆಂದೈತೆ. ನನಗ್ಯಾಕಪ್ಪಾ ಇದು, ಒತ್ತೋದು, ಉಜ್ಜೋದು,” ಎಂದು ಹಿಂದಕ್ಕೆ ತಳ್ಳಿ, “ಒಂದ್ ಕೆಲಸ ಮಾಡು. ನಿನಗೆ ಏಳಾದಾಗ ನೀನು ಹೂಂ ಅನ್ನು,” ಎಂದಳು.

ಅಂದಿನಿಂದ ಮಿಸ್ಡ್ ಕಾಲ್ ದಿಕ್ಕು ಬದಲಿಸಿದೆ. ನನ್ನ ಆ್ಯಪ್‌ನಲ್ಲಿ, ಊರೂರು ಸುತ್ತಿ ಬಂದ ಆ ತಡವಾದ ಪೀಂ ಬಿದ್ದೊಡನೆ ನಾನು ಇಲ್ಲಿ ಲೋಲಕ ಬಿಟ್ಟು ಗುಂಡಿಯೊತ್ತುತ್ತೇನೆ. ಮೊಳಕಾಲ್ಮೂರಿನಲ್ಲಿ ಅಕ್ಕ ಸ್ಟೂಲಿನ ಮೇಲೆ, ಎರಡು ಬೆರಳಲ್ಲಿ ಲೋಲಕ ಹಿಡಿದು ಕಾಯುತ್ತಿರುತ್ತಾಳೆ. ಈ ವಯಸ್ಸಿನಲ್ಲಿ ಸ್ಟೂಲು ಹತ್ತಬೇಡಕ್ಕಾ ಎಂದರೆ ಕೇಳುವ ಪೈಕಿಯಲ್ಲ.

ಬೇಕಿದ್ದರೆ ನಾಳೆಯೇ ಫೋನಿನ ಮೂಲೆ ನೋಡಿ ಎರಡೂ ಗಡಿಯಾರಗಳನ್ನು ಸರಿಮಾಡಬಹುದು. ಆ ತರುಣ ವಿಜ್ಞಾನಿ ಮೆಚ್ಚಿಯಾನು. ಮಾಡುವುದಿಲ್ಲ. ಲೋಕ ಮುಂದೆ ಹೋಗಲಿ, ನಮ್ಮಿಬ್ಬರಿಗೂ ಅವಸರವಿಲ್ಲ. ಕರೆ ಹೋಗುತ್ತದೆ, ಒಂದು ರಿಂಗು, ಎರಡು ರಿಂಗು; ಅಷ್ಟು ಹೊತ್ತು ಅಂಗಡಿಯ ಕನ್ನಡಕಗಳೆಲ್ಲ ನನ್ನನ್ನೇ ನೋಡುತ್ತಿರುತ್ತವೆ, ನಾನು ಉಸಿರು ಬಿಗಿಹಿಡಿದು ನಿಂತಿರುತ್ತೇನೆ. ಆಮೇಲೆ ಆ ತುದಿಯಲ್ಲಿ ಅಕ್ಕ ಕಟ್ ಮಾಡುತ್ತಾಳೆ. ಏಳಾಯಿತು.