ಹೊಳೆಯುವ ಕೊಂಡಿಯ ಶೀಶೆ ಮುಟ್ಟಿದವರು

ಕೇಡು ಮಾಡುವ ಪ್ರೋಟೀನನ್ನು ಜೀವಕೋಶವೇ ಚೂರು ಮಾಡಿ ಬಿಸಾಡುವಂತೆ ಮಾಡುವ ಔಷಧಗಳಿವೆ. ಅಂಥ ಔಷಧದ ಎರಡು ತುದಿಗಳನ್ನು ಬೆಸೆಯುವ ಕೊಂಡಿ ತಯಾರಿಸುವುದು ನನ್ನ ಕೆಲಸ. ನನ್ನ ಕೊಂಡಿ ನೇರಳೆ ಬೆಳಕಿನ ಟಾರ್ಚಿಗೆ ನೀಲಿಯಾಗಿ ಹೊಳೆಯುತ್ತೆ. ಔಷಧ ಎಲ್ಲಿಗೆ ಹೋಯ್ತು ಅಂತ ಕಣ್ಣಿಗೇ ಕಾಣುತ್ತೆ.

ಅದನ್ನು ತೋರಿಸೋಕೆ ಹೊನ್ನಾಳಿಯ ಕಾಲೇಜೊಂದಕ್ಕೆ ಹೋಗಿದ್ದೆ. ಎಲ್ಲ ಜೋಡಿಸಿಟ್ಟು, ಚಹಾ ಕುಡಿದು ಬಂದರೆ ಕೊಂಡಿ ತುಂಬಿಟ್ಟಿದ್ದ ಶೀಶೆಯ ಮುಚ್ಚಳ ಸಡಿಲವಾಗಿತ್ತು. ಲ್ಯಾಬಿನಲ್ಲಿ ನೆಲ ಒರೆಸುತ್ತಿದ್ದ ಗಂಗಮ್ಮ ಒಬ್ಬರೇ ಇದ್ದರು.

"ಯಾಕೆ ಮುಟ್ಟಿದೆ?" ಅಂದೆ. ನನ್ನ ತಾಯಿಯ ವಯಸ್ಸಿನವರು ಅನ್ನೋದೂ ನೆನಪಾಗಲಿಲ್ಲ.

"ನಾನ್ಯಾಕೆ ಮುಟ್ಲಿ ಸಾರ್? ನೆಲ ಒರೆಸಾಕೆ ಬಂದೀನಿ."

"ಸುಳ್ಳೋ ನಿಜವೋ ಈಗ ಗೊತ್ತಾಗುತ್ತೆ. ಕೈ ಚಾಚು."

ಅಷ್ಟರಲ್ಲಿ ವಿದ್ಯಾರ್ಥಿಗಳು ಒಳಗೆ ಬಂದಿದ್ದರು. ಅವರೆದುರೇ ಕಿಟಕಿ ಮುಚ್ಚಿಸಿ, ಗಂಗಮ್ಮನ ಮಣಿಕಟ್ಟು ಹಿಡಿದು ಟಾರ್ಚ್ ಬಿಟ್ಟೆ.

ಅಂಗೈಯಲ್ಲಿ ಏನೂ ಇರಲಿಲ್ಲ. ಅವರ ಕೈ ಹಿಡಿದಿದ್ದ ನನ್ನ ಬೆರಳುಗಳು ಮಾತ್ರ ನೀಲಿಯಾಗಿ ಹೊಳೆಯುತ್ತಿದ್ದವು. ಮುಚ್ಚಳ ಸರಿಯಾಗಿ ಹಾಕದೆ ಚಹಾಕ್ಕೆ ಓಡಿದವನು ನಾನೇ. ಗಾಬರಿಯಲ್ಲಿ ಟಾರ್ಚನ್ನು ನನ್ನ ಕಡೆಗೆ ತಿರುಗಿಸಿಕೊಂಡೆ.

"ಮೀಸ್ಯಾಗೂ ಐತೆ ನೋಡ್ರಿ ಸಾರ್," ಅಂದರು ಗಂಗಮ್ಮ, ನಗದೆ. ಹೋಗಿ ಸೋಪು ತಂದುಕೊಟ್ಟರು.

ತಪ್ಪಾಯ್ತು ಅನ್ನೋ ಬದಲು "ನಲ್ಲಿ ಎಲ್ಲಿದೆ ಅಮ್ಮಾ?" ಅಂತಷ್ಟೇ ಕೇಳಿದೆ.

ಈಗ ಯಾವ ಊರಿಗೆ ಹೋದರೂ ಟಾರ್ಚನ್ನು ಮೊದಲು ನನ್ನ ಕೈಗೇ ಬಿಟ್ಟುಕೊಳ್ಳುತ್ತೇನೆ. ವಿದ್ಯಾರ್ಥಿಗಳು ಅದನ್ನು ಪ್ರಯೋಗದ ಮೊದಲ ಹಂತ ಅಂತ ಬರೆದುಕೊಳ್ಳುತ್ತಾರೆ. ನಾನೂ ತಿದ್ದೋಕೆ ಹೋಗಿಲ್ಲ.