ಗೋಡೆಗೆ ದೇವರು ಬೇಡವೆಂದ ಹುಡುಗಿಯರು

ಹಳೇಬೀಡಿನ ನಮ್ಮ ಶಾಲೆಯ ಓಣಿಗೋಡೆಗೆ ದೇವರ ಚಿತ್ರ ಬರೆದುಕೊಡಿ ಎಂದು ಶಾಲಾ ಸಮಿತಿಯ ಅಧ್ಯಕ್ಷರು ಹೇಳಿದಾಗ, ಪಾಪ, ದೇವರು ಏನು ತಪ್ಪು ಮಾಡಿದ್ದಾನೆ ಎಂದು ಕೇಳಿದ್ದೆ. ಅದು ಊರ ಗಂಡಸರ ಉಚ್ಚೆಗೋಡೆ. ಬಸ್ಸಿಳಿದವನು, ಬಸ್ಸಿಗೆ ಕಾಯುವವನು, ಟೀ ಕುಡಿದವನು, ಎಲ್ಲರೂ ಬಂದು ಅಲ್ಲೇ ನಿಲ್ಲುತ್ತಿದ್ದರು. ದೇವರನ್ನು ಬರೆದರೆ ಹೆದರಿ ಬಿಡುತ್ತಾರೆ ಎಂಬುದು ಎಲ್ಲ ಊರಿನವರಿಗೂ ಗೊತ್ತಿರುವ ಉಪಾಯ. ನಮ್ಮ ಹುಡುಗಿಯರು ಬಸ್ಸಿಗೆ ಹೋಗಲು ಅದೇ ದಾರಿ. ಮೂಗಿಗೆ ವೇಲು ಒತ್ತಿಕೊಂಡು, ತಲೆ ತಗ್ಗಿಸಿ, ಓಡಿದ ಹಾಗೆ ನಡೆಯುತ್ತಿದ್ದರು. ನಾಚಬೇಕಾದವರು ಯಾರೋ, ನಾಚುತ್ತಿದ್ದವರು ಇವರು.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಬಾಗಲಕೋಟೆ ಕಡೆಯವಳು. ಗಂಡನ ಮನೆ ಬಿಟ್ಟು, ಬಣ್ಣದ ಪೆಟ್ಟಿಗೆ ಹಿಡಿದು, ಚಿತ್ರಕಲೆ ಕಲಿಸುವ ಕೆಲಸಕ್ಕೆ ಬಂದಿದ್ದೆ. ಅರಸೀಕೆರೆಯಲ್ಲಿ ಬಾಡಿಗೆ ಕೋಣೆ, ದಿನವೂ ಜಾವಗಲ್ ಮೇಲೆ ಬಸ್ಸು. ಮನೆಯೊಡತಿ "ನೀವು ಯಾವ ಪೈಕಿ?" ಎಂದು ಕೇಳಿದಾಗ "ಚಿತ್ರ ತಗಿಯೋರ ಪೈಕಿರಿ" ಎಂದೆ. ಅವರು ಬಹಳ ದಿನ ಮಾತು ಬಿಟ್ಟರು. ನನಗೇನೂ ನಷ್ಟವಾಗಲಿಲ್ಲ.

ಹುಡುಗಿಯರನ್ನು ಬೇಲೂರಿಗೆ ಕರೆದೊಯ್ದಿದ್ದಾಗ, ಕನ್ನಡಿ ಹಿಡಿದ ಕಲ್ಲಿನ ಸುಂದರಿಯ ಕೆಳಗೆ ನಿಂತು ಪಕ್ಕದೂರು ಹಗರೆಯ ಹುಡುಗಿಯೊಬ್ಬಳು, "ಎಲ್ರೂ ಇವ್ಳನ್ನ ನೋಡ್ತಾರೆ, ಇವ್ಳು ಯಾರ್ನೂ ನೋಡಕಿಲ್ವಲ್ಲ ಮಿಸ್" ಎಂದಿದ್ದಳು. ತರಗತಿಯಲ್ಲಿ ಗೋಡೆಯ ಮಾತು ತೆಗೆದಾಗಲೂ ಮೊದಲು ಎದ್ದವಳು ಅವಳೇ.

"ದೇವ್ರು ಯಾಕೆ ಮಿಸ್? ಅಲ್ಲಿ ಓಡಾಡೋರು ನಾವು. ನಮ್ನೇ ಬರೀತೀವಿ."

ಬರೆದರು. ತಂತಮ್ಮ ಮುಖಗಳನ್ನು, ಮೊರದಗಲ. ಒಬ್ಬಳು ಮೊಡವೆಯನ್ನೂ ಬಿಡಲಿಲ್ಲ, ಇನ್ನೊಬ್ಬಳು ಮೂಗನ್ನು ಸ್ವಲ್ಪ ನೆಟ್ಟಗೆ ಮಾಡಿಕೊಂಡಳು. ಕಣ್ಣು ಮಾತ್ರ ಓಣಿಯನ್ನೇ ನೋಡುತ್ತಿರಬೇಕು ಎಂದು ನಾನು ಹಟ ಹಿಡಿದಿದ್ದೆ.

ಅಧ್ಯಕ್ಷರು ಕೆಂಡವಾದರು. "ಹೆಣ್ಮಕ್ಳ ಮುಖ ಬೀದೀಲಿ ಬರೀತಾರೇನ್ರೀ? ನೀವು ಹೊರಗಿನೋರು. ನಮ್ಮೂರ ರೀತಿ ನಿಮಗೇನ್ ಗೊತ್ತು?"

"ಹೊರಗಿನಾಕಿ ಖರೇರಿ. ಆದ್ರ ವಾಸನಿ ನನ್ನ ಮೂಗಿಗೂ ಬಡೀತೈತಿ."

"ಹುಡುಗೀರ ಮುಖಕ್ಕೆ ಯಾವ ಗಂಡಸು ಹೆದರ್ತಾನೆ? ಒಬ್ಬ ಆ ಗೋಡೆ ಒದ್ದೆ ಮಾಡ್ಲಿ, ಮಾರನೇ ದಿನವೇ ಸುಣ್ಣ ಹೊಡೆಸಿ ದೇವ್ರನ್ನೇ ಬರೆಸ್ತೀನಿ."

ಆಗಲಿ ಎಂದುಬಿಟ್ಟೆ. ಸಿಟ್ಟಿನಲ್ಲಿ ಒಪ್ಪಿದ್ದು. ಅಷ್ಟು ಮುಖಗಳನ್ನು ದಾರಿಹೋಕ ಗಂಡಸರ ಮರ್ಯಾದೆಗೆ ಒತ್ತೆ ಇಟ್ಟೆನಲ್ಲ ಎಂದು ಆಮೇಲೆ ಹೊಳೆಯಿತು. ಆದರೂ ಕ್ಷಮೆ ಕೇಳಲು ಹೋಗಲಿಲ್ಲ.

ಶನಿವಾರ ಶಾಲೆ ಬಿಟ್ಟು ಎಲ್ಲರೂ ಓಣಿಗೆ ಬಂದೆವು. ಇಸ್ತ್ರಿ ಮಾಡಿದ ಬಿಳಿ ಅಂಗಿಯವನೊಬ್ಬ ಬಸ್ಸಿಳಿದು, ತಲೆ ಎತ್ತಿ ನೋಡುವ ಗೋಜಿಗೂ ಹೋಗದೆ, ಅಭ್ಯಾಸಬಲದಿಂದ ಗೋಡೆಗೆ ಮುಖ ಮಾಡಿ ನಿಂತು ಪ್ಯಾಂಟಿಗೆ ಕೈ ಹಾಕಿದ. ಹಿಂದೆಲ್ಲ ಯಾರಾದರೂ ಹೀಗೆ ನಿಂತಿದ್ದರೆ ಹುಡುಗಿಯರು ಅಲ್ಲಿಂದಲೇ ತಿರುಗಿ ಶಾಲೆಯೊಳಗೆ ಹೋಗಿ ಕಾಯುತ್ತಿದ್ದರು. ನಾನೇ ಕೂಗಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಹಗರೆಯ ಹುಡುಗಿ ಮುಂದೆ ಹೋಗಿ ಅವನ ಪಕ್ಕದಲ್ಲೇ ನಿಂತಿದ್ದಳು.

"ಅಣ್ಣಾ, ಅದು ನನ್ ಮುಖ."

ಅವನು ಬೆಚ್ಚಿ ತಿರುಗಿದ. "ಏನಮ್ಮ, ಗೋಡೆ ತಾನೇ ಇದು?"

"ನೋಡಿ ಹೇಳಿ."

ಅವನು ಗೋಡೆ ನೋಡಿದ, ಅವಳನ್ನು ನೋಡಿದ, ಹಿಂದೆ ನಿಂತ ನಮ್ಮೆಲ್ಲರನ್ನೂ ನೋಡಿದ. ಗಡಿಬಿಡಿಯಲ್ಲಿ ಜಿಪ್ಪು ಎಳೆಯಲು ಹೋಗಿ ಅಂಗಿಯ ಅಂಚನ್ನೇ ಸಿಕ್ಕಿಸಿಕೊಂಡ. ನನಗೆ ಒಂದಿಷ್ಟೂ ಕನಿಕರ ಬರಲಿಲ್ಲ, ಇವತ್ತಿಗೂ ಇಲ್ಲ. ಗೋಡೆ ಒಣಗಿಯೇ ಇತ್ತು.

ಹುಡುಗಿಯರು ವೇಲನ್ನು ಮೂಗಿಗೆ ಒತ್ತಿಕೊಳ್ಳದೆ, ಓಣಿಯ ನಡುವೆಯೇ ಬಸ್ಸಿನ ಕಡೆ ಹೊರಟರು. ತಲೆ ತಗ್ಗಿಸಿ ಪಕ್ಕಕ್ಕೆ ಸರಿದು ದಾರಿ ಬಿಟ್ಟವನು ಅವನು.