ಟೊಮೇಟೊಗೆ ಅರವತ್ತು ದಿನ, ಅಂಗಿಗೆ ಎಂಟು

ಆ ಬೀದಿಯ ದರ್ಜಿಯ ಬಾಯಲ್ಲಿ ಯಾವ ಬಟ್ಟೆಗಾದರೂ ಒಂದೇ ಗಡುವು: ಎಂಟು ದಿನ. ಒಂಬತ್ತನೇ ದಿನ ಗಿರಾಕಿ ಬಂದು ಕೂಗಾಡಿದರೆ ತಲೆ ಕೂಡ ಎತ್ತದೆ, "ಬಟ್ಟೆ ಕೊಟ್ಟ ದಿನದಿಂದಲ್ಲ ಸ್ವಾಮಿ, ಕತ್ತರಿ ಬಿದ್ದ ದಿನದಿಂದ ಲೆಕ್ಕ" ಅನ್ನುತ್ತಿದ್ದ. ಕತ್ತರಿ ಯಾವಾಗ ಬೀಳುತ್ತದೋ ಆ ದೇವರಿಗೇ ಗೊತ್ತು! ಹೊಲಿಗೆ ಮಾತ್ರ ಒಂದೆಳೆ ಆಚೀಚೆ ಆಗುತ್ತಿರಲಿಲ್ಲ. ಅದಕ್ಕೇ ಜನ ಬೈದುಕೊಂಡೇ ಮತ್ತೆ ಬರುತ್ತಿದ್ದರು.

ಇಂಥ ಆಸಾಮಿಗೆ ಟೊಮೇಟೊ ಬೆಳೆಯುವ ಹುಚ್ಚು ಹಿಡಿಯಿತು. ಬೀಜದ ಪೊಟ್ಟಣದ ಮೇಲೆ ಅರವತ್ತು ದಿನಕ್ಕೆ ಹಣ್ಣು ಎಂದು ಅಚ್ಚಾಗಿತ್ತು. ಮನೆಯಲ್ಲಿ ಬಿಸಿಲು ಬೀಳುವುದು ಬಾಲ್ಕನಿಗೆ ಮಾತ್ರ, ಅಲ್ಲಿ ಹೆಂಡತಿ ಬಟ್ಟೆ ಒಣಹಾಕುವ ಹಗ್ಗ. "ಅರವತ್ತೇ ದಿನ ಕಣೇ" ಎಂದು ಗೋಗರೆದು ಹಗ್ಗ ಬಿಚ್ಚಿಸಿದ.

"ಅರವತ್ತನೇ ದಿನ ಹಣ್ಣು ಕಾಣದಿದ್ರೆ ಗಿಡ ಕಿತ್ತು ಹಗ್ಗ ಕಟ್ತೀನಿ. ಆಮೇಲೆ ಗೊಣಗಬಾರದು" ಅಂದಳು ಅವಳು.

ಹಳೇ ಲೋಟಗಳಲ್ಲಿ ಬಿತ್ತಿದ ಬೀಜ ಗೇಣುದ್ದದ ಸಸಿಯಾಗುವುದಕ್ಕೇ ಇಪ್ಪತ್ತೆಂಟು ದಿನ ತಿಂದಿತು. ಆಮೇಲೆ ಮೂರು ಬಕೆಟ್ಟುಗಳಿಗೆ ನೆಟ್ಟ. ದಿನಾ ಬೆಳಗ್ಗೆ ಕೊರಳಿನ ಟೇಪು ತೆಗೆದು ಗಿಡ ಅಳೆಯುವುದು, ಹಲ್ಲು ಕಡಿಯುವುದು. ಒದ್ದೆ ಬಟ್ಟೆಗಳು ಕುರ್ಚಿ, ಬಾಗಿಲು, ಕೊನೆಗೆ ಮುಂದಿನ ಕೋಣೆಯ ಹೊಲಿಗೆ ಮಷೀನಿನ ಮೇಲೂ ಹರಡಿಕೊಂಡು ಮನೆಯೆಲ್ಲ ಮುಗ್ಗಲು ವಾಸನೆ. ಐವತ್ತನೇ ದಿನ ನಾಲ್ಕು ಹೂವು ಬಿಟ್ಟವು. ಮೂರು ಉದುರಿದವು. "ನೀರು ಕುಡಿಯೋಕೆ ಬರುತ್ತೆ, ಕಾಯಿ ಬಿಡೋಕೆ ಬರಲ್ವಾ ನಿನಗೆ?" ಎಂದು ಗಿಡಕ್ಕೇ ರೇಗಿದ.

ಅರವತ್ತನೇ ದಿನ ಕಂಡದ್ದು ಕಡಲೆಕಾಳಿನಷ್ಟು ಒಂದು ಹಸಿರು ಕಾಯಿ. ದರ್ಜಿಯ ಮೈಯೆಲ್ಲ ಉರಿದುಹೋಯಿತು. ಪೊಟ್ಟಣ ಹಿಡಿದು ಬೀಜದಂಗಡಿಗೆ ನುಗ್ಗಿದ.

"ನೆಟ್ಟ ದಿನದಿಂದ ಲೆಕ್ಕ ಟೈಲರ್ರೇ, ಬಿತ್ತಿದ ದಿನದಿಂದಲ್ಲ" ಅಂದ ಅಂಗಡಿಯವ ತಣ್ಣಗೆ.

"ಮೊದಲೇ ಬಾಯಿಬಿಟ್ಟು ಹೇಳೋಕೆ ಏನಾಗಿತ್ತು ರೀ? ಜನ ನಂಬ್ಕೊಂಡು ಕೂತಿರ್ತಾರೆ!"

"ಹೌದಲ್ವಾ ಮತ್ತೆ!" ಅಂಗಡಿಯವ ಹಲ್ಲುಬಿಟ್ಟ. "ಅಂದಹಾಗೆ, ನನ್ನ ಪ್ಯಾಂಟಿಗೆ ಕತ್ತರಿ ಬಿತ್ತಾ?"

ದರ್ಜಿ ಪೆಚ್ಚಾಗಿ ಮನೆಗೆ ಬಂದರೆ, ಬಾಲ್ಕನಿಯಲ್ಲಿ ಹೆಂಡತಿ ಹಗ್ಗ ಹಿಡಿದು ನಿಂತಿದ್ದಾಳೆ.

"ಕೀಳಬೇಡ ಕಣೇ. ನೆಟ್ಟ ದಿನದಿಂದ ಲೆಕ್ಕವಂತೆ. ಇನ್ನೊಂದು ಇಪ್ಪತ್ತೆಂಟು ದಿನ..." ಎಂದವನು ನಾಲಿಗೆ ಕಚ್ಚಿಕೊಂಡ.

ಅವಳು ನಗಲಿಲ್ಲ. ಒಳಗೆ ಹೋಗಿ ಬೀರುವಿನಿಂದ ಮಡಿಕೆ ಕೆಡದ ನೀಲಿ ಹೂವಿನ ಬಟ್ಟೆ ತಂದು ಮಷೀನಿನ ಮೇಲಿಟ್ಟಳು. ಅವಳ ಅಂಗಿಗೆಂದು ಇಬ್ಬರೂ ಸೇರಿ ಆರಿಸಿದ್ದ ಬಟ್ಟೆ.

"ಎಂಟು ದಿನ ಅಂದಿದ್ರಿ. ಮೂರು ವರ್ಷ ಆಯ್ತು. ಗಿರಾಕಿಗಳಾದ್ರೆ ನಿಮ್ಮ ಬಾಗಿಲಿಗೆ ಬಂದು ಕೂಗಾಡ್ತಾರೆ. ನಾನು ಯಾರ ಬಾಗಿಲಿಗೆ ಹೋಗ್ಲಿ?"

ಅವನು ಮಷೀನಿನ ಮುಂದೆ ಕುಳಿತು ಅಳತೆ ಪುಸ್ತಕದಲ್ಲಿ ಅವಳ ಹಾಳೆ ಹುಡುಕಿ, ಬಟ್ಟೆ ಹರಡಿ, ಕತ್ತರಿ ಎತ್ತಿದ.

"ಆ ಅಳತೆಗೆ ಕತ್ತರಿಸಬೇಡಿ" ಅಂದಳು. "ಕಾಯಿಲೆ ಬಿದ್ದು ಎದ್ದ ಮೇಲೆ ನಾನು ಎಷ್ಟು ಇಳಿದುಹೋಗಿದ್ದೀನಿ ಅಂತ ನೀವು ನೋಡೇ ಇಲ್ಲ."

ಗಿಡ ಅಳೆದು ಅಳೆದು ಟೇಪಿನ ತುದಿಗೆ ಮಣ್ಣು ಮೆತ್ತಿತ್ತು. ದರ್ಜಿ ಅದನ್ನು ತನ್ನ ಅಂಗಿಯ ತುದಿಯಿಂದ ಒರೆಸಿದ.

"ಬಾ, ಇಲ್ಲಿ ಬೆಳಕಿಗೆ ನಿಂತ್ಕೋ" ಅಂದ.